ಗಿರಿಜಕ್ಕನಿಗೆ ಆಚೆ ನಿಲ್ಲಿ ಎಂದ ದಿನ

2022ರಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಫೋಟೊಗ್ರಾಫರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆ ಹೊತ್ತಿಗೆ ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಮದುವೆ ಮಂಟಪಗಳನ್ನು ನಮ್ಮಲ್ಲಿಯ ಗಂಡಸರು ನೋಡಿಕೊಳ್ಳುತ್ತಿದ್ದರು. ಸೀಮಂತ, ತೊಟ್ಟಿಲು, ಆರತಿ, ಹೀಗೆ ಮನೆಯೊಳಗೆ ಹೆಂಗಸರು ತುಂಬಿರುವ ಕಾರ್ಯಗಳು ನನ್ನ ಪಾಲಿಗೆ ಬರುತ್ತಿದ್ದವು. ಹಾಗಾಗಿ ದಾವಣಗೆರೆ, ಹರಿಹರದ ನಡುಮನೆಗಳ ಅಳತೆ ನನಗೆ ಬಾಯಿಪಾಠ: ಹತ್ತಕ್ಕೆ ಹನ್ನೆರಡು ಅಡಿ, ಒಂದು ಕಿಟಕಿ, ಒಂದು ಬೀರು, ಎದುರಿಗೆ ಟಿವಿ. ಅದರೊಳಗೆ ಇಪ್ಪತ್ತೈದು ಜನ.

ಆ ವರ್ಷವೇ ಹಳೆಯ ಭಾರದ ಕ್ಯಾಮೆರಾ ಬಿಟ್ಟು ಮಿರರ್‌ಲೆಸ್ ತೆಗೆದುಕೊಂಡಿದ್ದೆ. ಹಳೆಯದರೊಳಗೆ ಒಂದು ಕನ್ನಡಿ ಇದ್ದು, ಪ್ರತಿ ಫೋಟೊಗೂ ಅದು ಎದ್ದು ಬಿದ್ದು ಸದ್ದು ಮಾಡುತ್ತಿತ್ತು. ಹೊಸದರಲ್ಲಿ ಕನ್ನಡಿಯೇ ಇಲ್ಲ. ಲೆನ್ಸ್ ಕಂಡದ್ದು ನೇರವಾಗಿ ಪರದೆಗೆ ಬರುತ್ತದೆ. ಅದಕ್ಕೆ ಜೊತೆಯಾಗಿ 20 ಎಂಎಂನ ಪುಟ್ಟ ವೈಡ್ ಆ್ಯಂಗಲ್ ಪ್ರೈಮ್ ಲೆನ್ಸ್. ಪ್ರೈಮ್ ಅಂದರೆ ಜೂಮ್ ಇಲ್ಲದ್ದು. ಕೈಯಲ್ಲಿ ಹಿಡಿದರೆ ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಡೀ ಕೋಣೆಯನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದರದ್ದು ಒಂದೇ ದುರ್ಗುಣ: ನಡುವೆ ಇರುವ ಮುಖ ಇದ್ದ ಹಾಗೆ ಬರುತ್ತದೆ, ಅಂಚಿಗೆ ಬಂದ ಮುಖವನ್ನು ಹೊರಕ್ಕೆ ಜಗ್ಗಿಬಿಡುತ್ತದೆ. ಆದ್ದರಿಂದ ಅಂಚಿಗೆ ಬೀರುವೋ ಬಾಗಿಲೋ ಬರುವಂತೆ ನೋಡಿಕೊಳ್ಳಬೇಕು.

ಹರಿಹರದ ರತ್ನಮ್ಮನವರು ಮಗಳ ಹೆಣ್ಣುಮಗುವಿನ ತೊಟ್ಟಿಲಿಗೆ ನನ್ನನ್ನು ಕರೆದಾಗ ಒಂದೇ ಮಾತು ಹೇಳಿದ್ದರು: "ಎಲ್ಲಾರೂ ಬರ್ಬೇಕು ನೋಡ್ರಿ ಮೇಡಂ. ಸೀಮಂತದ ಫೋಟೊದಾಗ ಅರ್ಧ ಬೀಗರನ್ನ ಬಿಟ್ಟಿದ್ರು. ಇನ್ನೂ ಅಂದು ಆಡ್ತಾರ." ನಾನು ಧೈರ್ಯವಾಗಿ ಒಪ್ಪಿಕೊಂಡೆ. ಹೊಸ ಲೆನ್ಸ್ ಇತ್ತಲ್ಲ.

ನಮ್ಮ ಕಡೆ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಮಗುವಿನ ತಂದೆಯ ಅಕ್ಕ ಅಥವಾ ತಂಗಿಯದು. ಆಕೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಕರೆಯುತ್ತಾಳೆ. ಬಗ್ಗಿದ ಅವಳ ಬೆನ್ನಿಗೆ ಸುತ್ತ ನಿಂತ ಹೆಂಗಸರು ಗುದ್ದುತ್ತಾರೆ. ತಮಾಷೆಯ ಗುದ್ದೇ, ಆದರೆ ಒಂದೆರಡು ಜೋರಾಗಿಯೇ ಬೀಳುತ್ತವೆ. ಈ ಮಗುವಿನ ಸೋದರತ್ತೆ ಭಾನುವಳ್ಳಿಯ ಗಿರಿಜಕ್ಕ. ನಲವತ್ತೆರಡು, ನಲವತ್ತಮೂರು ವಯಸ್ಸು. ಮಗುವಿಗೆ ಕುಲಾವಿಯನ್ನು ತಾವೇ ಹೊಲಿದು ತಂದಿದ್ದರು. ಅಂಚಿಗೆ ಹಸಿರು ದಾರದ ಸಣ್ಣ ಸಣ್ಣ ಎಲೆ.

ಹನ್ನೊಂದೂವರೆಯೊಳಗೆ ಮಗುವನ್ನು ತೊಟ್ಟಿಲಿಗೆ ಹಾಕಬೇಕಿತ್ತು. ಹನ್ನೊಂದಕ್ಕೆ ಎಲ್ಲರನ್ನೂ ಗುಂಪಿನ ಫೋಟೊಗೆ ನಿಲ್ಲಿಸಿದೆ. ನನ್ನ ಕಣ್ಣು ಪರದೆಯ ಮೇಲಿತ್ತು. ಬಲಗಡೆಯ ತುದಿಗೆ, ಬಾಗಿಲ ಹತ್ತಿರ, ಗಿರಿಜಕ್ಕ ನಿಂತಿದ್ದರು. ಅವರ ಕೆನ್ನೆ ಹೊರಕ್ಕೆ ಎಳೆದಂತೆ ಕಾಣುತ್ತಿತ್ತು. ಅಂಚು ಬಿಟ್ಟು ಆ ಬದಿಗೆ ಸರಿಯಲಿ ಎಂದು ತಲೆ ಎತ್ತದೆಯೇ ಹೇಳಿಬಿಟ್ಟೆ: "ಅಕ್ಕಾ, ನೀವೊಂಚೂರು ಆಚೆ ನಿಂತ್ಕಳ್ರಿ. ಮುಖ ಸೊಟ್ಟ ಬರ್ತೈತೆ."

ತಲೆ ಎತ್ತಿ ನೋಡುವಷ್ಟರಲ್ಲಿ ಗಿರಿಜಕ್ಕ ಸೆರಗನ್ನು ಬಲಗೆನ್ನೆಯ ಮೇಲೆ ಎಳೆದುಕೊಂಡಿದ್ದರು. "ಹೂಂ, ನೀವು ತಗೀರಿ" ಎಂದು ಅಡುಗೆಮನೆಗೆ ಹೋದರು. ನಾನು ಫೋಟೊ ತೆಗೆದೆ. ಅದರಲ್ಲಿ ಒಬ್ಬರೂ ನಕ್ಕಿಲ್ಲ.

ಮಗುವಿನ ತಂದೆ ಮಂಜುನಾಥ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮೇಡಂ, ಅಕ್ಕಗೆ ಮುಖಕ್ಕೆ ಲಕ್ವ ಹೊಡೆದಿತ್ರಿ. ಮುಕ್ಕಾಲು ಪಾಲು ವಾಸಿ ಆಗೈತೆ. ಎಂಟು ತಿಂಗಳಿಂದ ಯಾರ ಮನಿ ಕಾರ್ಯಕ್ಕೂ ಹೋಗಿಲ್ಲ. ಇವತ್ತು ನಾನೇ ಕೈ ಹಿಡಿದು ಕರ್ಕೊಂಡು ಬಂದೆ. ಈಗ ಚಿಕ್ಕಪ್ಪನ ಮಗಳು ಹೆಸರಿಡ್ಲಿ ಅಂತಾಳ." ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಗಡಿಯಾರದಲ್ಲಿ ಹನ್ನೊಂದು ಹತ್ತು. ಅಡುಗೆಮನೆಗೆ ಹೋದೆ. ಗಿರಿಜಕ್ಕ ಗುಗ್ಗರಿಯ ಕಡಲೆಗೆ ಒಗ್ಗರಣೆ ಹಾಕುತ್ತಿದ್ದರು, ಬೀಗರ ಮನೆಯಲ್ಲಿ, ಯಾರೂ ಹೇಳದೆಯೇ.

"ಸಿಟ್ಟೇನಿಲ್ರಿ ನನಗೆ. ಇದ್ದದ್ದನ್ನ ಹೇಳಿದ್ರಿ" ಎಂದರು, ತಿರುಗದೆ.

"ಇಲ್ಲಕ್ಕಾ, ಇಲ್ಲದ್ದನ್ನ ಹೇಳ್ದೆ" ಎಂದು ಕ್ಯಾಮೆರಾದ ಪಟ್ಟಿಯನ್ನು ಅವರ ಕೊರಳಿಗೆ ಹಾಕಿದೆ. "ನನ್ನದೊಂದು ಫೋಟೊ ತಗೀರಿ."

"ನನಗೆ ಬರಂಗಿಲ್ಲ, ಬ್ಯಾಡ್ರಿ."

"ಒತ್ತೋದು ಅಷ್ಟೇ. ಮಿಕ್ಸಿಗಿಂತ ಸುಲಭ ಐತೆ."

ಮಿಕ್ಸಿಯ ಪಕ್ಕ, ಅಂಚಿಗೆ ಬರುವಂತೆ ನಿಂತೆ. ಒತ್ತಿದರು. ಪರದೆ ನೋಡಿದರು. ಇನ್ನೊಮ್ಮೆ ನೋಡಿದರು. "ಅಯ್ಯ, ಇದೇನ್ರಿ. ನಿಮ್ಮ ದವಡಿ ಮಿಕ್ಸಿ ಜೋಡಿ ಓಡಿ ಹೊಂಟೈತೆ."

ನಡುವೆ ನಿಂತು ಇನ್ನೊಂದು ತೆಗೆಸಿಕೊಂಡೆ. ದವಡೆ ವಾಪಸ್ ಬಂದಿತ್ತು. ಆಮೇಲೆ ಕ್ಯಾಮೆರಾ ಇಸಿದುಕೊಂಡು ಅವರನ್ನು ನಡುವೆ ಇಟ್ಟು ಒಂದು ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ನಡುವೆ ನಿಂತ್ರೂ ಸೊಟ್ಟ ಐತಲ್ರಿ."

"ಹೌದಕ್ಕಾ. ಇಷ್ಟು ನಿಮ್ದು. ಅಲ್ಲಿ ನಾನು ನೋಡಿದ್ದು ಲೆನ್ಸಿಂದು. ಅದನ್ನ ನಿಮ್ಮ ಮೇಲೆ ಹಾಕಿದ ತಪ್ಪು ನಂದು."

ಒಲೆ ಆರಿಸಿ ಕೈ ಒರೆಸಿಕೊಂಡರು. "ತುಟಿ ಕೂಡಂಗಿಲ್ಲ ಮೇಡಂ. ಕುರ್ರ್ ಅನ್ನಾಕ ಹೋದ್ರೆ ಬರೇ ಗಾಳಿ ಹೋಗ್ತೈತೆ. ಮನ್ಯಾಗ ದಿನಾ ಹೇಳಿ ನೋಡೀನಿ. ಎಲ್ಲಾರ ಎದುರಿಗೆ ಹೆಂಗೆ?"

"ಕಿವಿಯೊಳಗೆ ಹೇಳೋದಲ್ವಾ ಅಕ್ಕಾ. ಕೇಳೋದು ಮಗು ಒಂದೇ."

ಅಷ್ಟರಲ್ಲಿ ರತ್ನಮ್ಮ ಬಾಗಿಲಿಗೆ ಬಂದರು. ಎಷ್ಟು ಕೇಳಿಸಿಕೊಂಡಿದ್ದರೋ. "ಏನ್ ಬೀಗರೇ, ನಿಮ್ಮ ಸೊಸಿಗೆ ಹೆಸರಿಡ್ತೀರೋ, ನಮ್ಮ ಗುಗ್ಗರಿಗೆ ಇಡ್ತೀರೋ? ಅದಕ್ಕಾಗಲೇ ಹೆಸರೈತೆ. ಬರ್ರಿ."

ಗಿರಿಜಕ್ಕ ಸೆರಗು ಸರಿ ಮಾಡಿಕೊಂಡು ಹೊರಟರು. ಕೆನ್ನೆ ಮುಚ್ಚಿಕೊಳ್ಳಲಿಲ್ಲ.

ಈ ಸಲ ನಾನು ಯಾರನ್ನೂ ಸರಿಸಲಿಲ್ಲ. ತೊಟ್ಟಿಲ ಪಕ್ಕ ನೆಲಕ್ಕೆ ಮಂಡಿಯೂರಿದೆ. ಗಿರಿಜಕ್ಕನ ಮುಖಕ್ಕೂ ಲೆನ್ಸಿಗೂ ಎರಡೇ ಅಡಿ. ಸದ್ದೇ ಬರದ ಸೈಲೆಂಟ್ ಶಟರ್‌ಗೆ ಬದಲಿಸಿ ಒಂದು ತೆಗೆದು ನೋಡಿದರೆ ಫೋಟೊ ತುಂಬ ಕಪ್ಪು ಪಟ್ಟೆ. ಎಲ್‌ಇಡಿ ಲೈಟ್ ನಮ್ಮ ಕಣ್ಣಿಗೆ ಕಾಣದಂತೆ ಮಿಣುಕುತ್ತಿರುತ್ತದೆ, ಆ ಶಟರ್ ಅದನ್ನು ಹಿಡಿದುಬಿಡುತ್ತದೆ. ಲೈಟ್ ಆರಿಸಲು ಹೇಳಿದೆ. ಕಿಟಕಿಯ ಬೆಳಕೊಂದೇ ಉಳಿಯಿತು. ಸಾಕಾಗಿತ್ತು.

ಗಿರಿಜಕ್ಕ ಬಗ್ಗಿದರು. ಮೊದಲ ಸಲ ಬರೀ ಗಾಳಿ ಬಂತು. ತೋರುಬೆರಳಿನಿಂದ ತುಟಿಯ ಬಲತುದಿಯನ್ನು ಒಳಕ್ಕೆ ಒತ್ತಿ ಹಿಡಿದುಕೊಂಡು ಮತ್ತೆ ಅಂದರು: "ಕುರ್ರ್... ಶರಣ್ಯ." ಮೂರು ಸಲ. ಮಗುವಿಗೆ ಕೇಳಿಸಿತು, ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ಯಾರೂ ಗುದ್ದಲಿಲ್ಲ. ಏಳೆಂಟು ಕೈಗಳು ಅವರ ಬೆನ್ನ ಮೇಲೆ ಹಾಗೇ ನಿಂತಿದ್ದವು. ಕಾಯಿಲೆಯ ಹೆಂಗಸಿಗೆ ಹೇಗೆ ಗುದ್ದುವುದು ಎಂದು ಎಲ್ಲರಿಗೂ ಹಿಂಜರಿಕೆ. ಗಿರಿಜಕ್ಕ ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿದರು.

"ಯಾಕ, ಯಾರೂ ಉಂಡು ಬಂದಿಲ್ಲೇನು? ಕೈಯಾಗ ಶಕ್ತಿ ಇಲ್ಲಾ?"

ಮೊದಲ ಗುದ್ದು ರತ್ನಮ್ಮನದು. ಆಮೇಲೆ ಲೆಕ್ಕ ಸಿಗಲಿಲ್ಲ. ಗದ್ದಲದಲ್ಲಿ ಒಂದು ನನ್ನ ಬೆನ್ನಿಗೂ ಬಿತ್ತು, ಕ್ಯಾಮೆರಾ ವಾಲಿತು, ಬೆರಳು ಒತ್ತಿತ್ತು.

ಆ ಫೋಟೊ ಓರೆಯಾಗಿದೆ. ಬಳೆ ತುಂಬಿದ ಕೈಗಳು ಮಸುಕಾಗಿವೆ. ನಡುವೆ ಗಿರಿಜಕ್ಕ ನಗುತ್ತಿದ್ದಾರೆ. ಬಾಯಿಯ ಎಡಭಾಗ ಪೂರ್ತಿ ನಕ್ಕಿದೆ, ಬಲಭಾಗ ಅರ್ಧ.

ಮುಂದಿನ ವಾರ ಅಕ್ಕ, ತಮ್ಮ ಇಬ್ಬರೂ ಆಲ್ಬಮ್ಮಿಗೆ ಫೋಟೊ ಆರಿಸಲು ಸ್ಟುಡಿಯೋಗೆ ಬಂದರು. ಗಿರಿಜಕ್ಕ ಆ ಓರೆ ಫೋಟೊದ ಮುಂದೆಯೇ ನಿಂತುಬಿಟ್ಟರು. ನಾನು ತಡೆಯಲಾರದೆ ಕೇಳಿದೆ: "ಬೇಕಂದ್ರೆ ಕಂಪ್ಯೂಟರ್‌ನಾಗ ತುಟಿ ಒಂಚೂರು ಸರಿ ಮಾಡ್ಬಹುದಕ್ಕಾ."

"ಬ್ಯಾಡ್ರಿ" ಎಂದರು. "ಅಕಿ ದೊಡ್ಡಾಕಿ ಆದ್ಮೇಲೆ ನೋಡ್ತಾಳಲ್ಲ. ನನ್ನ ಹೆಸರು ಕರೆದಾಕಿ ಬ್ಯಾರೆ ಯಾರೋ ಅನ್ಕೋಬಾರ್ದು."

ಇಪ್ಪತ್ತು ವರ್ಷದ ಹತ್ತಿರ ಹತ್ತಿರ ನಾನು ಜನರ ಮುಖಗಳನ್ನು ಲೆನ್ಸಿನಿಂದಲೇ ನೋಡಿ ಮಾತಾಡಿದ್ದೆ. ಈಗ ಒಬ್ಬರ ಮುಖದ ಬಗ್ಗೆ ಏನಾದರೂ ಹೇಳಬೇಕೆನಿಸಿದರೆ ಮೊದಲು ಕ್ಯಾಮೆರಾ ಕೆಳಗಿಳಿಸಿ, ಬರಿಗಣ್ಣಿನಿಂದ ಅವರನ್ನು ಒಮ್ಮೆ ನೋಡುತ್ತೇನೆ. ಹೆಚ್ಚಿನ ಸಲ, ಹೇಳುವಂಥದ್ದು ಏನೂ ಉಳಿದಿರುವುದಿಲ್ಲ.