ಗೊರಗೊರ ಮರಳಿ ಬಂದ ರೇಡಿಯೊ

ಬೀದಿ ಇನ್ನೂ ಎದ್ದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ರೇಡಿಯೊ ಅಕ್ಕ ಆಗಲೇ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತಿದ್ದಾರೆ. ಈ ಹೊತ್ತು ಅವರಿಗೆ ಬೇಕೇ ಬೇಕು. ಮೇಲಿನ ಮನೆಯ ಮಿಕ್ಸರ್, ಎದುರು ಮನೆಯ ಎಲ್ಇಡಿ ದೀಪ, ಎಲ್ಲರ ಚಾರ್ಜರ್‌ಗಳು ಶುರುವಾದರೆ ಮೀಡಿಯಂ ವೇವ್ ತುಂಬ ಕರಕರ. "ಊರಿಗೆ ಬೆಳಗಾದ್ರೆ ರೇಡಿಯೊಗೆ ಕಿವಿ ಮುಚ್ಚುತ್ತೆ" ಎನ್ನುತ್ತಾರೆ.

ಮೇಜಿನ ಮೇಲಿರುವುದು ಇದೇ ಬೀದಿಯ ದರ್ಜಿಯ ತಾಯಿಯ ರೇಡಿಯೊ. ಮರದ ಪೆಟ್ಟಿಗೆ, ಹಳದಿಗಟ್ಟಿದ ಡಯಲ್, ತಿರುವಿ ತಿರುವಿ ನುಣುಪಾದ ಗುಂಡಿ. ಒಮ್ಮೆ ರಿಪೇರಿ ಮಾಡಿ ಕೊಟ್ಟಿದ್ದು ವಾರದೊಳಗೆ ವಾಪಸು ಬಂದಿದೆ. ಆ ಅಜ್ಜಿಗೆ ಕಣ್ಣು ಕಾಣದು, ಹಗಲೆಲ್ಲ ರೇಡಿಯೊವೇ ಜೊತೆ. "ಸತ್ತಿದ್ದನ್ನ ತೊಳೆದು ಕಳಿಸಿದ್ದಾಳೆ" ಅಂದರಂತೆ. ಇವತ್ತು ಎರಡನೇ ಸಲ ಕೊಡಬೇಕು. ಸುಟ್ಟುಹೋಗಿದ್ದ ಗಾಜಿನ ಬುರುಡೆಯಂಥ ವಾಲ್ವುಗಳನ್ನು ಅಕ್ಕ ಕಿತ್ತು ಗುಜರಿಗೆ ಹಾಕಿಯಾಗಿದೆ. ಈ ಸಲದ ರಿಪೇರಿಯೂ ಅಜ್ಜಿಗೆ ಒಗ್ಗದಿದ್ದರೆ ಬೇರೆ ದಾರಿಯಿಲ್ಲ.

ಅಕ್ಕ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದವರು. ಅದು ಮುಚ್ಚಿದ ಮೇಲೆ ಸೋದರಮಾವನ ಟೀವಿ ಅಂಗಡಿ ಸೇರಿದರು. ಹೆಂಗಸು ಮುಟ್ಟಿದ ಸೆಟ್ಟು ಎಂದು ಗಿರಾಕಿಗಳು ಮೂಗು ಮುರಿದಾಗ ಮಾವ ಇವರನ್ನು ಒಳಕೋಣೆಯಲ್ಲಿ ಕೂರಿಸಿ ತಾನು ಗಲ್ಲಾದ ಮುಂದೆ ನಿಂತ. "ಹೆಸರು ಅವನು ತಗೊಂಡ, ಕೆಲಸ ನನ್ನ ಕೈಲಿ ಉಳೀತು. ಲಾಭ ಯಾರಿಗೆ?"

ವಾಲ್ವು ಸಿಗದ ರೇಡಿಯೊದೊಳಗೆ ಅಕ್ಕ ಬೆಂಕಿಪೊಟ್ಟಣದಷ್ಟು ಬೋರ್ಡು ಕೂರಿಸುತ್ತಾರೆ. ಅದರ ಮೇಲಿನ ಚಿಪ್ ಗಾಳಿಯಲ್ಲಿ ಬಂದ ಅಲೆಯನ್ನು ಅಂಕಿಗಳಾಗಿಸಿ, ಗದ್ದಲ ಸೋಸಿ, ಮತ್ತೆ ದನಿ ಮಾಡಿ ಹಳೆಯ ಸ್ಪೀಕರಿಗೆ ದಾಟಿಸುತ್ತದೆ. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆಯಲು ಮಗಳ ಹಳೇ ಲ್ಯಾಪ್‌ಟಾಪಿನಲ್ಲಿ ಕಲಿತರು. ವಾರಕ್ಕೆ ಎರಡು ರೇಡಿಯೊ ಮುಗಿದರೆ ಹೆಚ್ಚು.

ಮೊದಲ ಸಲ ಎಡವಿದ್ದು ಆ ಸೋಸುವುದರಲ್ಲೇ. ಸ್ಟೇಷನ್ನುಗಳ ನಡುವಿನ ಗೊರಗೊರವನ್ನು ಅಕ್ಕ ಪೂರ್ತಿ ಅಡಗಿಸಿದ್ದರು. ರೇಡಿಯೊ ವಾಪಸು ಬಂದಾಗ ಬೋರ್ಡು ಬಿಚ್ಚುವ ಬದಲು ಅದನ್ನು ಹೊತ್ತು ದರ್ಜಿಯ ಮನೆಗೆ ಹೋಗಿ, ಗುಂಡಿ ತಿರುಗಿಸುವ ಅಜ್ಜಿಯ ಬೆರಳು ನೋಡುತ್ತ ಕೂತರು. ಸ್ಟೇಷನ್ ಹತ್ತಿರವಾದಂತೆ ಗೊರಗೊರ ತೆಳುವಾಗುತ್ತದೆ. ಅಜ್ಜಿ ಅದನ್ನು ಕೇಳಿಕೊಂಡೇ ಬೆರಳು ನಿಧಾನ ಮಾಡುತ್ತಿದ್ದವರು. ಗೊರಗೊರ ಅಡಗಿಸಿದ ಮೇಲೆ ಬರೀ ಮೌನ. ಕೆಟ್ಟಿದೆಯೆಂದು ಬಿರಬಿರನೆ ತಿರುಗಿಸಿ ಸ್ಟೇಷನ್ ದಾಟಿಬಿಡುತ್ತಿದ್ದರು.

"ಕಸ ಗುಡಿಸಿದೆ ಅಂದ್ಕೊಂಡಿದ್ದೆ. ಅವರು ಹಿಡ್ಕೊಂಡು ನಡೆಯೋ ಗೋಡೇನೇ ಕೆಡವಿದ್ದೆ."

ಈಗ ಪ್ರೋಗ್ರಾಂ ತಿದ್ದಿ ಗೊರಗೊರವನ್ನು ಮತ್ತೆ ಒಳಗೆ ಬಿಟ್ಟಿದ್ದಾರೆ. ಕಾಫಿ ತಂದ ಮಗಳು ನಗುತ್ತಾಳೆ. "ಜನ ಗದ್ದಲ ತೆಗೆಸೋಕೆ ಬರ್ತಾರೆ. ನೀನು ಕೂತು ತುಂಬ್ತಿದ್ದೀಯಲ್ಲಮ್ಮ."

"ನಿನ್ನ ಬಾಯಿಗೂ ಒಂದು ಚಿಪ್ ಹಾಕ್ತೀನಿ, ತಾಳು."

ಬಿಸಿಲು ಬೀದಿಗಿಳಿಯುವ ಹೊತ್ತಿಗೆ ರೇಡಿಯೊ ದರ್ಜಿಯ ಮನೆ ಸೇರಿದೆ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸುತ್ತಾನೆ. ಅಜ್ಜಿ ತಡವುತ್ತ ಗುಂಡಿ ಹಿಡಿಯುತ್ತಾರೆ. ಗೊರಗೊರ ಏಳುತ್ತದೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ. ಸದ್ದು ತೆಳುವಾಗುತ್ತದೆ, ಅಜ್ಜಿಯ ಬೆರಳು ನಿಧಾನಿಸುತ್ತದೆ, ಇನ್ನೊಂದಿಷ್ಟು ಸರಿದು ನಿಲ್ಲುತ್ತದೆ. ವಾರ್ತೆ ಓದುವವನ ದನಿ ಕೋಣೆ ತುಂಬುತ್ತದೆ.

"ಎಲ್ಲಿ ಬಚ್ಚಿಟ್ಟಿದ್ಯೆ ಇದನ್ನ ಇಷ್ಟು ದಿನ?"

"ನನ್ನ ಬುದ್ಧಿವಂತಿಕೆ ಅಡೀಲಿ ಸಿಕ್ಕೊಂಡಿತ್ತು, ಅಜ್ಜಿ."

"ಒಳಗೆ ಏನೇನು ಹಾಕಿದ್ರಿ ಅಕ್ಕ?" ಎಂದು ದರ್ಜಿ ಕೇಳುತ್ತಾನೆ.

ಉತ್ತರ ಅಜ್ಜಿಯದು. "ಏನು ಹಾಕ್ತಾಳೆ, ಧೂಳು ಒರೆಸಿರ್ತಾಳೆ. ಇದು ನಮ್ಮ ಹಳೇದೇ ಕಣೋ. ಸುಮ್ನಿರು, ವಾರ್ತೆ ಕೇಳ್ಬೇಕು."

ಅಕ್ಕ ತಿದ್ದಲು ಹೋಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ ಮೇಲೆ ಹೇಳುತ್ತಾರೆ: "ಧೂಳು ಒರೆಸಿದೆ ಅಂದ್ರಲ್ಲ. ಹಾಗಾದ್ರೆ ಕೆಲಸ ಸರಿಯಾಗಿದೆ."