ಬದುವಿನ ಮೇಲೆ ನಿಂತು ಕೂಗುವ ರಾಧಾಮಣಿ

೨೦೧೭ರ ಜನವರಿ, ಬೆಳಗಿನ ಆರೂಕಾಲು. ಸೋಲದೇವನಹಳ್ಳಿಯ ಕಾಲೇಜುಗಳ ಹಿಂದಿನ ಹೊಲಗಳಲ್ಲಿ ಮಂಜು ಕವಿದಿದೆ. ಚಾಚಿದ ಕೈ ಕಂಡರೆ ಪುಣ್ಯ. ರಾಧಾಮಣಿ ಬದುವಿನ ಮೇಲೆ ಚಪ್ಪಲಿ ಬಿಡುತ್ತಾರೆ. ಗುದ್ದಲಿ, ಬಾಂಡ್ಲಿ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾರೆ: “ಚಿಕ್ಕಹನುಮಣ್ಣೋ... ಹೊಲಕ್ಕೆ ಬರ್ತಿದ್ದೀನೀ...”

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ “ಓ” ಎಂದು ದನಿ ಬರುತ್ತದೆ. ಅದು ಹೆಂಗಸಿನ ದನಿ ಎಂದು ಖಾತ್ರಿಯಾದ ಮೇಲೆಯೇ ರಾಧಾಮಣಿ ಕೊಯ್ದ ರಾಗಿ ಕೂಳೆಗಳ ನಡುವೆ ಹೆಜ್ಜೆ ಇಡುತ್ತಾರೆ. ಚಿಕ್ಕಹನುಮಯ್ಯ ತೀರಿಕೊಂಡು ಆರು ವರ್ಷವಾಗಿದೆ. ಓಗೊಟ್ಟಿದ್ದು ಅವರ ಹೆಂಡತಿ ಸುಬ್ಬಮ್ಮ.

ಇನ್ನೊಬ್ಬರ ಹೊಲಕ್ಕೆ ಕೂಗದೆ ಕಾಲಿಡಬಾರದು ಎಂಬುದು ಇಲ್ಲಿಯ ಹಳೆಯವರು ನಡೆಸಿಕೊಂಡು ಬಂದ ರೂಢಿ. ಮಣ್ಣು ತೆಗೆಯಲು ಬಂದವರಂತೂ ಒಡೆಯನ ಹೆಸರು ಹಿಡಿದೇ ಕೂಗಬೇಕು. ಪಹಣಿಯಲ್ಲಿ ಇನ್ನೂ ಗಂಡನ ಹೆಸರೇ ಇರುವುದರಿಂದ ರಾಧಾಮಣಿ ಅವರನ್ನೇ ಕೂಗುತ್ತಾರೆ. “ಅವ್ನ ಎಸ್ರಿಗೆ ಯಾರಾನಾ ಓ ಅನ್ಬೇಕಲ್ಲವ್ವ, ಅದ್ಕೇ ನಾನಂತೀನಿ” ಎಂದು ಸುಬ್ಬಮ್ಮ ಸೆರಗು ಹೊದ್ದುಕೊಂಡು ಎದುರಿಗೆ ಬರುತ್ತಾರೆ.

ನಲವತ್ತೊಂದು ವರ್ಷದ ರಾಧಾಮಣಿ ಅನುವುಗಾರ್ತಿ. ಕೃಷಿ ಇಲಾಖೆಗೂ ರೈತರಿಗೂ ನಡುವೆ ಓಡಾಡುವ, ಬೈಗುಳ ಎರಡೂ ಕಡೆಯಿಂದ ತಿನ್ನುವ ಕೆಲಸ. ಕೈಗೆ ಬರುವುದು ಗೌರವಧನ. ಅದರಲ್ಲಿ ಗೌರವವೇ ಹೆಚ್ಚು ಎಂದು ಅವರೇ ನಗುತ್ತಾರೆ. ಮಣ್ಣು ಪರೀಕ್ಷೆಗೆಂದು ಹೊಲಕ್ಕೆ ಎಂಟು ಗುಂಡಿ, ಗುಂಡಿಗೆ ಅರ್ಧ ಅಡಿ ಆಳ. ಎಂಟೂ ಕಡೆಯ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲುತ್ತಾ ಹೋದರೆ ಕೊನೆಗೆ ಉಳಿಯುವುದು ಅರ್ಧ ಕಿಲೋ. ಅದು ಬಟ್ಟೆಯ ಚೀಲ ಸೇರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಮಳೆ ನಂಬಿದ ಇಪ್ಪತ್ತೈದು ಎಕರೆಗೆ ಒಂದೇ ಚೀಲ. ಅಷ್ಟೂ ಎಕರೆಯ ರೈತರಿಗೆ ಯಾವ ಗೊಬ್ಬರ ಎಷ್ಟು ಬೇಕೆಂದು ಹೇಳುವ ಮಣ್ಣಿನ ಕಾರ್ಡು ಆ ಅರ್ಧ ಕಿಲೋದಿಂದಲೇ ಹುಟ್ಟುತ್ತದೆ.

ಇಲಾಖೆಯ ಪಟ್ಟಿಯಲ್ಲಿರುವ ಕೆಲವು ಹೊಲಗಳು ಈಗ ಇಲ್ಲ. ಅಲ್ಲಿಗೂ ಹೋಗಿ ಬಡಾವಣೆಯ ಕಾಂಪೌಂಡಿನ ಮುಂದೆ ನಿಂತು ರಾಧಾಮಣಿ ಕೂಗುತ್ತಾರೆ. “ಗೋಡೆ ನನ್ನ ದನೀನ ನಂಗೇ ವಾಪಸ್ ಕೊಡುತ್ತೆ. ‘ಹೊಲ ಇಲ್ಲ’ ಅಂತ ಬರ್ಕೊಂಡು ಬಂದ್ಬಿಡ್ತೀನಿ. ಅವತ್ತೆಲ್ಲ ಊಟ ಸೇರಲ್ಲ” ಎನ್ನುತ್ತಾರೆ.

ಹೋದ ವರ್ಷ ನಡೆದದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಅವತ್ತೂ ಹೀಗೇ ಮಂಜು. ಇದೇ ಬದುವಿನ ಮೇಲೆ ನಿಂತು ಕೂಗಿದರು. “ಓ” ಎಂದು ಕೇಳಿಸಿತು. ಸುಬ್ಬಮ್ಮನವರೇ ಇರಬೇಕೆಂದು ಇಳಿದರು. ಇಲ್ಲಿಯದು ಕೆಂಪು ನೆಲ, ಗುದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಬೇವಿನ ಮರದಾಚೆ ಎರಡು ಗುಂಡಿಗಳಲ್ಲಿ ಗುದ್ದಲಿ ತಾನಾಗಿ ಇಳಿಯಿತು. ಬಂದದ್ದು ಕಪ್ಪು, ಮೆತ್ತನೆಯ ಮಣ್ಣು. ಮುಟ್ಟಿದರೆ ಆ ಚಳಿಯಲ್ಲೂ ಬೆಚ್ಚಗಿತ್ತಂತೆ.

ಐದು ತಿಂಗಳ ನಂತರ ಕಾರ್ಡು ಬಂತು. ಶ್ರೀ ಚಿಕ್ಕಹನುಮಯ್ಯ, ನಿಮ್ಮ ಮಣ್ಣಿನಲ್ಲಿ ರಂಜಕ ಹೇರಳವಾಗಿದೆ, ಡಿಎಪಿ ಗೊಬ್ಬರ ಬೇಕಿಲ್ಲ. ರಾಧಾಮಣಿ ಓದಿ ಹೇಳಿದಾಗ ಸುಬ್ಬಮ್ಮ ನಕ್ಕರಂತೆ. “ಇದ್ದಾಗ್ಲೂ ಸರ್ಕಾರಿ ಗೊಬ್ರ ಬ್ಯಾಡ ಅಂತಿದ್ದ. ಈಗ್ಲೂ ಅದೇ ಏಳ್ತಾವ್ನೆ.” ಆಮೇಲೆ ನಗು ನಿಲ್ಲಿಸಿ ಕೇಳಿದರು: “ಯಾವ ಮೂಲೇಲಿ ಅಗೆದೆ?”

ಬೇವಿನ ಮರದಾಚೆ. ಗಂಡನನ್ನು ಮಣ್ಣು ಮಾಡಿದ ಜಾಗ. ಗುರುತಿಗೆ ನೆಟ್ಟಿದ್ದ ಕಲ್ಲನ್ನು ಪಕ್ಕದ ಬಡಾವಣೆಗೆ ರಸ್ತೆ ಮಾಡುತ್ತಿದ್ದ ಜೆಸಿಬಿ ಹಳ್ಳಕ್ಕೆ ತಳ್ಳಿತ್ತು. ಮೂಳೆಯಲ್ಲಿ ರಂಜಕವಿರುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದು ನೆನಪಾಗಿ ರಾಧಾಮಣಿ ಕಾರ್ಡನ್ನು ಮತ್ತೊಮ್ಮೆ ಓದಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅವರು ಮಣ್ಣು ತೆಗೆದ ದಿನ ಸುಬ್ಬಮ್ಮ ಊರಲ್ಲೇ ಇರಲಿಲ್ಲ, ಮಾಕಳಿಯಲ್ಲಿರುವ ಮಗಳ ಮನೆಯಲ್ಲಿದ್ದರು.

ಓಗೊಟ್ಟವರು ಯಾರು? ಪಕ್ಕದ ಹೊಲದವರು ಇರಬಹುದು. ಆ ಇಪ್ಪತ್ತೈದು ಎಕರೆಯಲ್ಲಿ ಹೊಲವಿರುವ ಹದಿನಾಲ್ಕು ಮನೆಯಲ್ಲೂ ರಾಧಾಮಣಿ ಕೇಳಿದ್ದಾರೆ. ನಾನೇ ಅಂದವರು ಒಬ್ಬರೂ ಇಲ್ಲ.

ಆ ಹದಿನಾಲ್ಕು ಮನೆಗೂ ಅದೇ ಕಾರ್ಡು ಹೋಗಿತ್ತು. ಸತ್ತವನೊಬ್ಬನ ಮಾತು ನಂಬಿ ಬದುಕಿರುವವರು ಗೊಬ್ಬರ ಬಿಟ್ಟರೆ ರಾಗಿ ಸೊರಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಕೆಲಸಕ್ಕೇ ಕುತ್ತು. ರಾಧಾಮಣಿ ಎರಡು ದಿನ ಒದ್ದಾಡಿ, ಮೂರನೆಯ ದಿನ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡು ಕಾರ್ಡುಗಳನ್ನು ವಾಪಸು ತಂದರು. ಅಧಿಕಾರಿಗೂ ಹೇಳಿದರು. ಮತ್ತೆ ಮಣ್ಣು ತೆಗೆಯಲು ಒಪ್ಪಿಗೆ ಸಿಕ್ಕಿತು, ಮೂರು ತಿಂಗಳ ಗೌರವಧನ ನಿಂತಿತು.

ಆ ಹದಿನಾಲ್ಕರಲ್ಲಿ ಒಬ್ಬರಾದ ಆಂಜಿನಪ್ಪ ಕಾರ್ಡು ಹಿಂದಿರುಗಿಸುತ್ತಾ ಜಗಳವಾಡಲಿಲ್ಲ. ಅವರ ಸಿಟ್ಟು ಬೇರೆಯದರ ಮೇಲೆ. “ಮೊದ್ಲು ಮುಖ ನೋಡಿ ಅರ್ಧ ಬೆಲೆಗೆ ಸತು, ಜಿಪ್ಸಂ ಕೊಡೋರು. ಈಗ ಕಾರ್ಡ್ ತಗಂಬಾ, ಪಹಣಿ ತಗಂಬಾ, ಆಧಾರ್ ತಗಂಬಾ. ದೇವ್ರು ಕೊಟ್ರೂ ಪೂಜಾರಿ ಕೊಡ. ಬದುವಲ್ಲಿ ಗಿಡ ನೆಡು, ಬದುಕಿದ ಗಿಡಕ್ಕೆ ದುಡ್ಡು ಅಂತಾರೆ. ಗಿಡ ಬದುಕ್ತದೆ ಕಣ್ರೀ, ಒಲ ಬದುಕ್ತದಾ ಕೇಳಿ. ಆದ್ರೆ ಈವಮ್ಮ ಸುಳ್ಳೇಳಲ್ಲ, ಅದ್ಕೇ ಗಿಡ ಆಕಿವ್ನಿ” ಎನ್ನುತ್ತಾರೆ. ಅವರ ಬದುವಿನಲ್ಲಿ ಇಪ್ಪತ್ತು ಹೆಬ್ಬೇವು ಮೊಣಕಾಲೆತ್ತರ ಬಂದಿವೆ.

ಇವತ್ತು ಸುಬ್ಬಮ್ಮನೇ ಮುಂದೆ ನಡೆದು ಜಾಗ ತೋರಿಸುತ್ತಾರೆ. ಹಳ್ಳದಿಂದ ಎತ್ತಿ ತಂದ ಕಲ್ಲು ಬೇವಿನ ಮರದಾಚೆ ಮತ್ತೆ ನಿಂತಿದೆ, ಸುಣ್ಣ ಬಳಿದಿದ್ದಾರೆ. ಎಂಟು ಗುಂಡಿಯಲ್ಲೂ ಕೆಂಪು ಮಣ್ಣೇ ಬರುತ್ತದೆ. ರಾಧಾಮಣಿ ಪ್ರತಿ ಹಿಡಿಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಬಾಂಡ್ಲಿಗೆ ಹಾಕುತ್ತಾರೆ.

ಚೀಲ ಕಟ್ಟುವಾಗ, ನಿಮಗೇನು ಆಸೆ ಎಂದು ಕೇಳಿದವರು ಕೆಲಸ ಕಾಯಂ ಆಗಲಿ ಎಂಬ ಉತ್ತರವನ್ನೇ ಎಣಿಸಿರುತ್ತಾರೆ. ರಾಧಾಮಣಿ ಬಿಳಿ ಕಲ್ಲಿನ ಕಡೆ ಒಮ್ಮೆ ನೋಡುತ್ತಾರೆ.

“ನಾನು ಕೂಗಿದಾಗ ಹೊಲದೊಳಗಿಂದ ಯಾರಾದ್ರೂ ಓ ಅನ್ಬೇಕು, ಅಷ್ಟೇ. ಗೋಡೆ ಆಗ್ಬಾರ್ದು. ಬದುಕಿರೋರೇ ಆದ್ರೆ ಒಳ್ಳೇದು. ಅವ್ರಿಲ್ದಿದ್ರೆ... ಚಿಕ್ಕಹನುಮಣ್ಣ ಆದ್ರೂ ಸರಿ.”