ಪ್ರೊಸೆಸ್ ಅಂತೆ, ಪ್ರೊಸೆಸ್!

ಭಾನುವಾರ ಸಂಜೆ ಲ್ಯಾನ್ಸಿ ಟಿವಿ ರಿಮೋಟನ್ನು ಪಲ್ಪರಿಗೆ ಹಾಕಲು ಹೊರಟಿದ್ದ. ಹೌದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ! ಅವನ ತೋಟದ ಲೆಕ್ಕ ಬರೆಯುವ ರೈಟರ್ ರಾಜಣ್ಣ ಕೈ ಹಿಡಿದುಕೊಳ್ಳದಿದ್ದರೆ ಹಾಕಿಯೇಬಿಡುತ್ತಿದ್ದ.

(ನಾನು ತಡೆಯಲಿಲ್ಲ. ಹಾಕಲಿ ಎಂದೇ ಕಾಯುತ್ತಿದ್ದೆ.)

ಕಾರಣ ಇಷ್ಟೇ. ನಮ್ಮ ಹಾಕಿ ಟೀಮ್ ಮತ್ತೆ ಸೋತಿತು. ಲೀಗಿನ ಮಹಿಳಾ ತಂಡ. ದುಬಾರಿ ಜೆರ್ಸಿ, ದೊಡ್ಡ ಬಸ್ಸು, ವಿದೇಶಿ ಕೋಚ್. ಪಾಯಿಂಟ್ಸ್ ಪಟ್ಟಿಯಲ್ಲಿ ಮಾತ್ರ ಕೊನೇ ಸ್ಥಾನ ಖಾಯಂ. ಹಾನುಬಾಳಿನಲ್ಲಿ ಲ್ಯಾನ್ಸಿಯ ಕಾಫಿ ಸ್ಟೋರಿನೊಳಗೆ ನಾವು ಮೂವರು ಮೂಟೆಗಳ ಮೇಲೆ ಕೂತು ಪಂದ್ಯ ನೋಡುತ್ತೇವೆ. ಈ ಸಲ ಸಿಕ್ಕ ಪೆನಾಲ್ಟಿ ಕಾರ್ನರ್‌ಗಳಿಗೆ ಲೆಕ್ಕವಿಲ್ಲ. ಒಂದಾದರೂ ಗೋಲಾಯಿತೇ? ಚೆಂಡು ಮುಂದಕ್ಕೆ ಹೋಗುವುದೇ ಇಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

"ಎಸ್ಟೇಟ್ ರೋಡಲ್ಲಿ ಜೀಪ್ ಓಡ್ಸಿದಂಗೆ ಎಲ್ರಿಗೂ ಸೈಡ್ ಕೊಡ್ತಾ ಅವ್ರೆ ಕಣ್ರೀ!" ಎಂದ ರಾಜಣ್ಣ.

ಪಂದ್ಯ ಮುಗಿಯಿತು. ಕೋಚ್ ಮೈಕಿನ ಮುಂದೆ ಬಂದ. ಬೆವರಿಲ್ಲ, ಬೇಸರವೂ ಇಲ್ಲ. ಪ್ರೊಸೆಸ್ ಮೇಲೆ ನಂಬಿಕೆ ಇಡಿ ಎಂದ. ಹೋದ ವಾರವೂ ಅದೇ ಮಾತು. ಲ್ಯಾನ್ಸಿ ರಿಮೋಟ್ ಹಿಡಿದು ಎದ್ದದ್ದು ಆಗ.

"ಪ್ರೊಸೆಸ್ಸಾ? ನಂಗೆ ಹೇಳಿಕೊಡ್ತಾನಾ ಇವ್ನು? ಕುಯ್ದ ಹಣ್ಣನ್ನ ಅವತ್ತೇ ಪಲ್ಪರಿಗೆ ಹಾಕ್ಬೇಕು ಮಾರಾಯ. ಮೂಟೇಲೇ ಬುಟ್ರೆ ಬೆಳಿಗ್ಗೆಗೆ ಗಬ್ಬು ನಾರ್ತದೆ. ಅದು ಪ್ರೊಸೆಸ್! ಯಸಳೂರಿನ ಹುಡುಗೀನ ಇವ್ನು ಏನ್ ಮಾಡ್ದ, ಹೇಳು?"

ಏನು ಮಾಡಿದ? ಯಸಳೂರಿನ ಆ ಫಾರ್ವರ್ಡ್ ಹುಡುಗಿಯನ್ನು ಟೀಮ್ ಹೋದ ಸೀಸನ್‌ನಲ್ಲಿ ಭಾರೀ ಪ್ರಚಾರ ಕೊಟ್ಟು ಸೇರಿಸಿಕೊಂಡಿತು. ಪೋಸ್ಟರಿನ ತುಂಬ ಅವಳ ಮುಖ. ಮೈದಾನದಲ್ಲಿ? ಸೀಸನ್ ಪೂರ್ತಿ ಬೆಂಚು. ಓಡಲಾರದ ಸ್ಟಾರ್‌ಗಳು ಆಡಿದರು, ಇವಳು ನೀರಿನ ಬಾಟಲಿ ಹಂಚಿದಳು. ಈಗ ಸ್ಟಿಕ್ ಮುಟ್ಟುವುದಿಲ್ಲವಂತೆ.

ಲ್ಯಾನ್ಸಿಯ ಸಿಟ್ಟು ಬರೀ ಸೋಲಿನದಲ್ಲ. ಅವನ ಮಗಳು ರಿಯಾ ಕಾಲೇಜು ತಂಡದ ಡಿಫೆಂಡರ್. ಇದೇ ಟೀಮಿನಿಂದ ಅವಳಿಗೂ ಫೋನ್ ಬಂದಿತ್ತು. ಬುಧವಾರ ಟ್ರಯಲ್.

"ಕಳ್ಸಲ್ಲ" ಎಂದ ಲ್ಯಾನ್ಸಿ. "ಆ ಕೊಂಪೆಗೆ ನನ್ ಮಗಳನ್ನ ಕಳ್ಸಲ್ಲ."

ರಿಯಾ ಬಾಗಿಲಲ್ಲೇ ನಿಂತಿದ್ದಳು. "ಪಪ್ಪಾ, ಟೀಮ್ ಚೆನ್ನಾಗಿದ್ದಿದ್ರೆ ನನ್ನನ್ನ ಯಾಕೆ ಕರೀತಿದ್ರು?"

ರಾಜಣ್ಣ ಕಿಸಕ್ಕನೆ ನಕ್ಕ. ಲ್ಯಾನ್ಸಿ ನಗಲಿಲ್ಲ. "ಬೆಂಚಲ್ಲಿ ಕೂರಿಸಿದ್ರೆ?"

"ಅಲ್ಲೇ ಕೂತ್ಕೊಂಡು ಬೈತೀನಿ. ನೀವು ಮೂಟೆ ಮೇಲೆ ಕೂತು ಬೈಯೋದು ಅವ್ರಿಗೆ ಕೇಳ್ಸುತ್ತಾ?"

ಲ್ಯಾನ್ಸಿ ರಿಮೋಟನ್ನು ಮೂಟೆಯ ಮೇಲಿಟ್ಟ.

ಮೊದಲೆಲ್ಲ ಈ ಟೀಮ್ ಎಷ್ಟು ಚೆನ್ನಾಗಿತ್ತು ಎಂದು ಬರೆಯಲು ಕೂತಿದ್ದೆ. ಹೊಡೆದುಹಾಕಿದೆ. ಚೆನ್ನಾಗಿತ್ತೇ? ಗೆದ್ದ ಒಂದು ಪಂದ್ಯ ನೆನಪಿದೆ. ಸುರಿಯುವ ಮಳೆಯಲ್ಲಿ ಗೆದ್ದೆವು ಎನ್ನುತ್ತೇನೆ ನಾನು. ಸುಡುಬಿಸಿಲು ಎನ್ನುತ್ತಾನೆ ಲ್ಯಾನ್ಸಿ. ಅದು ಡ್ರಾ ಆಗಿತ್ತು ಎನ್ನುತ್ತಾನೆ ರಾಜಣ್ಣ! ಮ್ಯಾನೇಜ್‌ಮೆಂಟ್ ಬದುಕಿರುವುದೇ ನಮ್ಮ ಇಂಥ ನೆನಪುಗಳ ಮೇಲೆ. ಹಳೇ ಗೋಲಿಗೆ ಮ್ಯೂಸಿಕ್ ಸೇರಿಸಿ ವಿಡಿಯೋ ಬಿಡುತ್ತಾರೆ. ನಾವು ಕಣ್ಣೊರೆಸಿಕೊಂಡು ಮುಂದಿನ ಭಾನುವಾರ ಮತ್ತೆ ಟಿವಿ ಹಾಕುತ್ತೇವೆ. ನಾಚಿಕೆ ಅವರಿಗಾಗಬೇಕೋ, ನಮಗೋ?

ಬುಧವಾರ ಬೆಳಿಗ್ಗೆ ಲ್ಯಾನ್ಸಿಯೇ ರಿಯಾಳನ್ನು ಜೀಪಿನಲ್ಲಿ ಸಕಲೇಶಪುರದ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ದಾರಿಯುದ್ದಕ್ಕೂ ಕೋಚನ್ನು ಬೈದನಂತೆ. ಸೆಲೆಕ್ಟ್ ಆಗಿದ್ದಾಳೆ ಎಂದು ನಿನ್ನೆ ಸುದ್ದಿ ಬಂತು. ಲ್ಯಾನ್ಸಿ ತೋಟದ ಆಳುಗಳ ಲೈನ್ ಮನೆಗಳಿಗೆಲ್ಲ ಸಿಹಿ ಹಂಚಿದ. ಮುಖ ಮಾತ್ರ ಗಂಟು ಹಾಕಿಕೊಂಡೇ.

ಕೋಚ್ ಸಾಹೇಬರೇ, ಆರಿಸಿದ ಕೆಂಪು ಹಣ್ಣನ್ನೇ ಕಳಿಸಿದ್ದೇವೆ. ಹೊತ್ತಿಗೆ ಸರಿಯಾಗಿ ಆಡಿಸುತ್ತೀರೋ, ಇದನ್ನೂ ಮೂಟೆಯಲ್ಲೇ ಬಿಡುತ್ತೀರೋ?